ಹತ್ತು ದಿನಗಳ ಲೆಕ್ಕ: ಯುದ್ಧದ ನಾಡಿಗೆ ಹೋಗುವವರೂ ಹಳದಿ ಪುಸ್ತಕವೂ



ಬೆಂಗಳೂರಿನ ಮೆಟ್ರೊ ರೈಲಿನ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಲ್ಲಿ ಹತ್ತಿದವರು ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ ದಾಟಿ ಕೊನೆಯಲ್ಲಿ ಇಳಿಯುವುದು ಬೊಮ್ಮಸಂದ್ರದಲ್ಲಿ. ಆನೇಕಲ್ ತಾಲ್ಲೂಕಿಗೆ ಸೇರಿದ ಈ ಊರು ಹಿಂದೆ ರಾಗಿ ಬೆಳೆಯುವ ಹಳ್ಳಿಯಾಗಿತ್ತು. ಈಗ ಹೊಸೂರು ರಸ್ತೆಯ ಎರಡು ಬದಿಗೂ ಕಾರ್ಖಾನೆಗಳು, ಔಷಧಿ ಕಂಪನಿಗಳು, ದೊಡ್ಡ ಆಸ್ಪತ್ರೆ. ಬೆಳಗಿನ ಪಾಳಿಗೆ ಹೋಗುವವರ ಗುಂಪಿನಲ್ಲಿ ನಿಂತು ಕಿವಿಗೊಟ್ಟರೆ ಕನ್ನಡ, ತಮಿಳು, ತೆಲುಗು, ಹಿಂದಿ, ಒಡಿಯಾ, ಬಂಗಾಳಿ ಎಲ್ಲವೂ ಕೇಳುತ್ತವೆ.

ಇಲ್ಲಿಗೆ ಜನ ಬರುತ್ತಾರೆ. ಇಲ್ಲಿಂದ ಜನ ಹೋಗುತ್ತಾರೆ ಕೂಡ. ಇಲ್ಲಿ ತಯಾರಾದ ಯಂತ್ರವನ್ನು ಆಫ್ರಿಕದ ಯಾವುದೋ ಕಾರ್ಖಾನೆಯಲ್ಲಿ ಜೋಡಿಸಿಕೊಡಲು ಒಬ್ಬ ಫಿಟ್ಟರ್ ಹೋಗಬೇಕಾಗಬಹುದು. ನಿಮ್ಮಲ್ಲೇ ಒಬ್ಬರು ಐ.ಟಿ.ಐ. ಇಲ್ಲವೆ ನರ್ಸಿಂಗ್ ಮುಗಿಸಿ ಹೊರದೇಶದ ಕೆಲಸಕ್ಕೆ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರನ್ನೂ ಎಲ್ಲರೂ ನೆನಪಿಡುತ್ತಾರೆ. ನಾಲ್ಕನೆಯದೊಂದು ಇದೆ. ಅದು ಹಳದಿ ಬಣ್ಣದ ಒಂದು ಚಿಕ್ಕ ಪುಸ್ತಕ: ಅಂತರರಾಷ್ಟ್ರೀಯ ಲಸಿಕೆ ಪ್ರಮಾಣಪತ್ರ. ಹೋಗುವ ದೇಶದಲ್ಲಿ ಶಾಂತಿ ಇದ್ದರೆ ಇದರ ಬೆಲೆ ನಮಗೆ ಗೊತ್ತಾಗದೆ ಹೋಗಬಹುದು. ಅಲ್ಲಿ ಯುದ್ಧ ಹತ್ತಿಕೊಂಡಾಗ ಈ ಪುಸ್ತಕ ಏನು ಮಾಡುತ್ತದೆ, ಇದು ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ನೋಡೋಣ. ಒಂದು ಭೂಪಟವನ್ನು ಎದುರಿಗಿಟ್ಟುಕೊಂಡು ಓದಿದರೆ ಒಳ್ಳೆಯದು.

ಸೂಡಾನಿನಿಂದ ಬಂದ ವಿಮಾನ

ಭೂಪಟದಲ್ಲಿ ಈಜಿಪ್ಟಿನ ಕೆಳಗೆ, ಕೆಂಪು ಸಮುದ್ರದ ಪಕ್ಕದಲ್ಲಿ ಸೂಡಾನ್ ಕಾಣುತ್ತದೆ. 2023ರ ಏಪ್ರಿಲ್ 15ರಂದು ಅದರ ರಾಜಧಾನಿ ಖಾರ್ಟೂಮಿನಲ್ಲಿ ಗುಂಡಿನ ಸದ್ದು ಆರಂಭವಾಯಿತು. ಜನರಲ್ ಬುರ್ಹಾನ್ ಅವರ ಸೈನ್ಯಕ್ಕೂ ಜನರಲ್ ದಗಾಲೊ ಅವರ ಅರೆಸೈನಿಕ ಪಡೆಗೂ ಹೊತ್ತಿಕೊಂಡ ಕದನ ಅದು. ನೀರು, ವಿದ್ಯುತ್ತು ನಿಂತವು. ಅಂಗಡಿಗಳು ಮುಚ್ಚಿದವು. ಆಸ್ಪತ್ರೆಗಳು ಒಂದೊಂದಾಗಿ ಬಾಗಿಲು ಹಾಕಿದವು.

ಆ ಊರುಗಳಲ್ಲಿ ಕನ್ನಡನಾಡಿನವರೂ ಇದ್ದರು. ಅವರಲ್ಲಿ ಹಲವರು ಹಕ್ಕಿಪಿಕ್ಕಿ ಜನಾಂಗದವರು. ಮನೆಯಲ್ಲಿ ವಾಗ್ರಿ ಮಾತನಾಡುವ, ಹಿಂದೆ ಹಕ್ಕಿ ಹಿಡಿದು ಬದುಕುತ್ತಿದ್ದ ಈ ಜನ, ಬೇಟೆಗೆ ಕಾನೂನಿನ ನಿಷೇಧ ಬಂದ ಮೇಲೆ ಗಿಡಮೂಲಿಕೆಯ ತೈಲ ಕಾಯಿಸಿ ಮಾರುವುದನ್ನು ಕಸುಬಾಗಿಸಿಕೊಂಡರು. ಊರೂರು ಅಲೆಯುತ್ತಿದ್ದವರು ದೇಶದೇಶಗಳಿಗೂ ಹೋದರು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಕುಟುಂಬಗಳು ಹೀಗೆ ಸೂಡಾನ್ ಸೇರಿದ್ದವು. ಕೆಲವರು ಪಶ್ಚಿಮದ ಡಾರ್ಫರ್ ಪ್ರಾಂತ್ಯದ ಎಲ್ ಫಾಶೆರ್ ನಗರದಲ್ಲಿದ್ದರು. ಇವರ ಜನಾಂಗದವರು ಬೊಮ್ಮಸಂದ್ರಕ್ಕೆ ದೂರದವರೇನಲ್ಲ. ಇದೇ ತಾಲ್ಲೂಕಿನ ಬನ್ನೇರುಘಟ್ಟದ ಕಾಡಂಚಿನಲ್ಲಿ ಹಕ್ಕಿಪಿಕ್ಕಿ ಕಾಲೊನಿ ಇದೆ.

ಏಪ್ರಿಲ್ 24ರಂದು ಭಾರತ ಸರ್ಕಾರ ತನ್ನವರನ್ನು ಕರೆತರುವ ಕಾರ್ಯಾಚರಣೆಯನ್ನು ಘೋಷಿಸಿತು. ಅದಕ್ಕಿಟ್ಟ ಹೆಸರು 'ಆಪರೇಷನ್ ಕಾವೇರಿ'. ಸಿಕ್ಕಿದ ಬಸ್ಸುಗಳಲ್ಲಿ ಮರುಭೂಮಿ ದಾಟಿ ಪೋರ್ಟ್ ಸೂಡಾನ್ ಬಂದರು, ಅಲ್ಲಿಂದ ನೌಕಾಪಡೆಯ ಹಡಗಿನಲ್ಲಿ ಇಲ್ಲವೆ ವಾಯುಪಡೆಯ ವಿಮಾನದಲ್ಲಿ ಸೌದಿ ಅರೇಬಿಯದ ಜೆದ್ದಾ, ಅಲ್ಲಿಂದ ತಾಯ್ನಾಡು. ಮೇ 5ರಂದು ಕಾರ್ಯಾಚರಣೆ ಮುಗಿಯುವ ಹೊತ್ತಿಗೆ 3,862 ಜನ ಪಾರಾಗಿದ್ದರು.

ಏಪ್ರಿಲ್ 28ರಂದು ಬೆಂಗಳೂರಿಗೆ ಬಂದ ವಿಮಾನದಲ್ಲಿ ಸುಮಾರು 360 ಜನರಿದ್ದರು. ಹಕ್ಕಿಪಿಕ್ಕಿ ಜನರೂ ಅದರಲ್ಲಿದ್ದರು. ಹೆಣ್ಣುಮಕ್ಕಳು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಇಳಿದರು. ವಿಮಾನ ನಿಲ್ದಾಣದಲ್ಲಿ ಆರೋಗ್ಯ ಅಧಿಕಾರಿಗಳು ಅವರನ್ನು ಕೇಳಿದ್ದು ಒಂದು ಪ್ರಶ್ನೆ: ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ಇದೆಯೆ? ಇಲ್ಲದ 47 ಜನರನ್ನು ಮನೆಗೆ ಕಳುಹಿಸದೆ ಪ್ರತ್ಯೇಕವಾಗಿ ಇರಿಸಿದರು. ಆ ವೇಳೆಗೆ ದೇಶಕ್ಕೆ ಮರಳಿದ್ದ 1,191 ಜನರಲ್ಲಿ 117 ಜನ ಹೀಗೆ ಪ್ರತ್ಯೇಕ ವಾಸದಲ್ಲಿದ್ದಾರೆಂದು ಕೇಂದ್ರ ಆರೋಗ್ಯ ಸಚಿವಾಲಯ ತಿಳಿಸಿತು. ರೋಗಲಕ್ಷಣ ಕಾಣದಿದ್ದರೆ ಏಳು ದಿನದಲ್ಲಿ ಬಿಡುಗಡೆ ಎಂದಿತು.

ನೀವು ಕೇಳಬಹುದು: ಗುಂಡಿನ ಮಳೆಯಿಂದ ಪಾರಾಗಿ ಬಂದವರನ್ನು ಹೀಗೆ ತಡೆದು ನಿಲ್ಲಿಸುವುದು ನ್ಯಾಯವೆ? ಪ್ರಶ್ನೆ ಸರಿಯಾದದ್ದೇ. ಉತ್ತರಕ್ಕಾಗಿ ಎರಡು ಶತಮಾನ ಹಿಂದಕ್ಕೆ ಹೋಗಬೇಕು.

ತೋಳಿನಿಂದ ತೋಳಿಗೆ

1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದ. ಆದರೆ ಆ ಲಸಿಕೆಯನ್ನು ಭಾರತಕ್ಕೆ ತರುವುದು ಹೇಗೆ? ಆಗ ಯುರೋಪಿನಲ್ಲಿ ನೆಪೋಲಿಯನ್ ಕಾಲದ ಯುದ್ಧಗಳು ನಡೆಯುತ್ತಿದ್ದವು. ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಬರುವಷ್ಟರಲ್ಲಿ ದಾರಕ್ಕೆ ಅಂಟಿಸಿ ಒಣಗಿಸಿದ ಲಸಿಕೆ ಸತ್ವ ಕಳೆದುಕೊಳ್ಳುತ್ತಿತ್ತು. ಕೊನೆಗೆ ಅದು ನೆಲದ ದಾರಿ ಹಿಡಿಯಿತು. ವಿಯೆನ್ನಾದಿಂದ ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾ. ಬಸ್ರಾದಿಂದ ಹಡಗಿನಲ್ಲಿ ಮುಂಬಯಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಿದ ಲಸಿಕೆ ಹಿಡಿಯಿತು. ಅವಳ ತೋಳಿನ ಗುಳ್ಳೆಯಿಂದ ತೆಗೆದ ರಸವನ್ನು ಮತ್ತೊಂದು ಮಗುವಿಗೆ, ಅದರಿಂದ ಇನ್ನೊಂದಕ್ಕೆ ಹಾಕುತ್ತ ಲಸಿಕೆ ದೇಶದ ಉಳಿದ ಭಾಗಗಳಿಗೆ ಸಾಗಿತು.

ನಮ್ಮ ಮೈಸೂರು ಆಗ ತಾನೇ ಯುದ್ಧದಿಂದ ಎದ್ದ ನಾಡು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಸುಲ್ತಾನ್ ಮಡಿದು, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದಿದ್ದರು. ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ವರ್ಣಚಿತ್ರವೊಂದರಲ್ಲಿ ಅರಮನೆಯ ಮೂವರು ಹೆಂಗಸರಿದ್ದಾರೆ. ಇವರಲ್ಲಿ ಕಿರಿಯ ರಾಣಿ ಸೀರೆಯ ಸೆರಗನ್ನು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಸಿಡುಬನ್ನು 'ಅಮ್ಮ' ಎಂದು ಪೂಜಿಸುತ್ತಿದ್ದ, ಲಸಿಕೆ ಹಾಕುವುದನ್ನು 'ದೇವಿ ಹಾಕುವುದು' ಎಂದೇ ಕರೆದ ನಾಡಿನಲ್ಲಿ ರಾಣಿಯ ತೋಳು ಸಾಮಾನ್ಯ ಜನರಿಗೆ ಧೈರ್ಯ ಹೇಳಿತು.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ನಡುವೆ ಒಂದು ತೋಳು ತಪ್ಪಿದ್ದರೂ ಆ ಸರಪಳಿ ಕಡಿದು ಹೋಗುತ್ತಿತ್ತು. ಲಸಿಕೆ ಎಂಬುದು ಆರಂಭದಿಂದಲೂ ಒಬ್ಬರ ಸ್ವಂತ ಸೊತ್ತಾಗಿರಲಿಲ್ಲ.

ಪ್ಲೇಗಿನ ಕಾಲದ ಚೀಟಿ

ಇನ್ನು 1898ಕ್ಕೆ ಬನ್ನಿ. ಎರಡು ವರ್ಷ ಮೊದಲು ಮುಂಬಯಿಗೆ ಬಂದಿದ್ದ ಪ್ಲೇಗು ರೈಲು ಹಿಡಿದು ಧಾರವಾಡ, ಹುಬ್ಬಳ್ಳಿಗೆ ಬಂತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ತಲುಪಿತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುತ್ತಿದ್ದರು. ರೋಗವಿದ್ದ ಊರಿನಿಂದ ಬಂದವರು ಎಲ್ಲಿ ಇಳಿದುಕೊಂಡಿದ್ದಾರೆಂದು ಬರೆದ ಚೀಟಿ ಪಡೆದು, ದಿನವೂ ಹಾಜರಾಗಿ ಮೈ ತೋರಿಸಬೇಕಾಗಿತ್ತು. ಜನ ಮನೆಮಠ ಬಿಟ್ಟು ಊರಾಚೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬೆಂಗಳೂರಿನ ಪ್ಲೇಗ್ ಮಾರಮ್ಮನ ಗುಡಿಗಳು ಆ ದಿನಗಳ ನೆನಪು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಬೆಳೆಯುವುದಕ್ಕೂ ಪ್ಲೇಗು ಒಂದು ಮುಖ್ಯ ಕಾರಣ.

ಪ್ಲೇಗಿಗೆ ಲಸಿಕೆ ಕಂಡುಹಿಡಿದವರು ವಾಲ್ಡೆಮಾರ್ ಹಾಫ್‌ಕಿನ್. 1897ರ ಜನವರಿ 10ರಂದು ಮುಂಬಯಿಯಲ್ಲಿ ಮೊದಲು ತಮಗೇ ಚುಚ್ಚಿಸಿಕೊಂಡು ನೋಡಿದರು. ಮರುವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಈ ಚುಚ್ಚುಮದ್ದು ಹಾಕಿಸಿಕೊಂಡರು. ಹಾಕಿಸಿಕೊಂಡವರಿಗೆ ಪ್ರಮಾಣಪತ್ರ ಕೊಟ್ಟು ಕೆಲವು ನಿರ್ಬಂಧಗಳಿಂದ ವಿನಾಯಿತಿ ನೀಡುವ ಪದ್ಧತಿಯೂ ಆ ಕಾಲದಲ್ಲೇ ಬಂತು. ಇಂದಿನ ಹಳದಿ ಪುಸ್ತಕಕ್ಕೆ ನಮ್ಮ ನೆಲದಲ್ಲಿ ಹಿರಿಯಣ್ಣನಂತಿರುವುದು ಈ ಚೀಟಿ.

ಆದರೆ ಆ ಕಾಲದ ಕಹಿಯನ್ನೂ ಮರೆಯಬಾರದು. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದ್ದರಿಂದ ಜನ ಕೆರಳಿದರು. 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ರೋಗ ತಡೆಯುವ ಕ್ರಮ ಸರಿಯಾಗಿದ್ದರೂ ಅದನ್ನು ಜಾರಿಗೆ ತರುವ ರೀತಿಯಲ್ಲಿ ಮರ್ಯಾದೆ ಇಲ್ಲದಿದ್ದರೆ ಜನ ರೋಗಿಗಳನ್ನು ಬಚ್ಚಿಡುತ್ತಾರೆ. ಆಗ ರೋಗವೇ ಗೆಲ್ಲುತ್ತದೆ. ವಿಮಾನ ನಿಲ್ದಾಣದಲ್ಲಿ ತಡೆದು ನಿಲ್ಲಿಸಿದವರಿಗೆ ಅವರ ಭಾಷೆಯಲ್ಲಿ ಕಾರಣ ಹೇಳಿ, ಊಟ ಹಾಸಿಗೆ ಕೊಟ್ಟು, ಊರಿಗೆ ಸುದ್ದಿ ಮುಟ್ಟಿಸುವುದು ಆರೋಗ್ಯ ರಕ್ಷಣೆಯದೇ ಒಂದು ಭಾಗವೆಂಬ ಪಾಠ ನಮಗೆ ಸಿಕ್ಕಿದ್ದು ಹೀಗೆ.

ಯುದ್ಧದ ಜೊತೆಗಾರ: ಹಳದಿ ಜ್ವರ

ಹಳದಿ ಜ್ವರವನ್ನು ನಮ್ಮ ಕಡೆಯ ಕಾಮಾಲೆಯೆಂದು ತಿಳಿಯಬೇಡಿ. ಇದು ಸೊಳ್ಳೆಯಿಂದ ಹರಡುವ ಒಂದು ವೈರಸ್ ರೋಗ. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಉಷ್ಣ ಪ್ರದೇಶಗಳಲ್ಲಿದೆ. ಜ್ವರ, ಬೆನ್ನುನೋವು, ವಾಂತಿಯಿಂದ ಆರಂಭವಾಗುತ್ತದೆ. ಹೆಚ್ಚಿನವರು ಗುಣವಾಗುತ್ತಾರೆ. ಕೆಲವರಲ್ಲಿ ಮಾತ್ರ ಯಕೃತ್ತು ಕೆಟ್ಟು ಕಣ್ಣು, ಮೈ ಹಳದಿಯಾಗಿ ರಕ್ತಸ್ರಾವವಾಗುತ್ತದೆ. ಹಾಗಾದವರಲ್ಲಿ ಸುಮಾರು ಅರ್ಧದಷ್ಟು ಜನ ಸಾಯುತ್ತಾರೆ. ಇದನ್ನು ಗುಣಪಡಿಸುವ ನಿರ್ದಿಷ್ಟ ಔಷಧಿ ಇಂದಿಗೂ ಇಲ್ಲ.

ಈ ರೋಗದ ಚರಿತ್ರೆಯಲ್ಲಿ ಯುದ್ಧದ ಹೆಸರು ಮತ್ತೆ ಮತ್ತೆ ಬರುತ್ತದೆ. 1898ರಲ್ಲಿ ಕ್ಯೂಬಾದಲ್ಲಿ ಅಮೆರಿಕವೂ ಸ್ಪೇನೂ ಕಾದಾಡಿದಾಗ ಅಮೆರಿಕದ ಸೈನಿಕರು ಗುಂಡಿಗಿಂತ ರೋಗಗಳಿಗೇ ಹೆಚ್ಚಾಗಿ ಬಲಿಯಾದರು. ಸೊಳ್ಳೆಯೇ ಹಳದಿ ಜ್ವರವನ್ನು ಹರಡುತ್ತದೆಂದು ಹವಾನಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದ ಮಾತನ್ನು 1900ರಲ್ಲಿ ವಾಲ್ಟರ್ ರೀಡ್ ನೇತೃತ್ವದ ಸೇನಾ ವೈದ್ಯರ ತಂಡ ಖಚಿತಪಡಿಸಿತು. ಆ ತಂಡದ ಜೆಸ್ಸಿ ಲೇಜಿಯರ್ ಅದೇ ರೋಗದಿಂದ ತೀರಿಕೊಂಡರು. 1937ರಲ್ಲಿ ಮ್ಯಾಕ್ಸ್ ಥೈಲರ್ ಅವರ ಪ್ರಯೋಗಾಲಯದಿಂದ '17ಡಿ' ಎಂಬ ಲಸಿಕೆ ಬಂತು. ಇದಕ್ಕಾಗಿ 1951ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದಿಗೂ ಹಾಕುವುದು ಇದೇ ವಂಶದ ಲಸಿಕೆಯನ್ನು.

1940ರಲ್ಲಿ ಸೂಡಾನಿನ ನುಬಾ ಬೆಟ್ಟಗಳಲ್ಲಿ ಹಳದಿ ಜ್ವರ ಭಾರಿಯಾಗಿ ಹರಡಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ವಿರುದ್ಧ ಕಾದಾಡಲು ಭಾರತದ ಐದನೆಯ ಡಿವಿಜನ್ ಸೂಡಾನಿಗೆ ಬಂದಿಳಿದಿತ್ತು. ಈ ಸೈನಿಕರು, ಈ ದಾರಿಯಾಗಿ ಹಾರುವ ವಿಮಾನಗಳು ರೋಗವನ್ನು ಭಾರತಕ್ಕೆ ತಂದರೆ ಗತಿಯೇನು ಎಂಬ ಭಯಕ್ಕೆ ಬಲವಾದ ಆಧಾರವಿತ್ತು. ಹಳದಿ ಜ್ವರವನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ನಮ್ಮಲ್ಲಿ ಹೇರಳವಾಗಿದೆ. ಹೂಕುಂಡದ ತಟ್ಟೆ, ಹಳೆಯ ಟೈರು, ಮುಚ್ಚದ ತೊಟ್ಟಿಗಳಲ್ಲಿ ಹುಟ್ಟಿ ಬೆಂಗಳೂರಿಗೆ ಡೆಂಗೀ ಹಂಚುವುದು ಇದೇ ಸೊಳ್ಳೆ. ಹರಡುವ ಸೊಳ್ಳೆ ಇದೆ, ರೋಗ ನಿರೋಧಕ ಶಕ್ತಿ ಇಲ್ಲದ ಕೋಟ್ಯಂತರ ಜನರಿದ್ದಾರೆ. ಇಲ್ಲದಿರುವುದು ವೈರಸ್ ಒಂದೇ. ಅದನ್ನು ಹೊರಗಿಡಲು ಸ್ವತಂತ್ರ ಭಾರತ 1954ರಲ್ಲಿ ವಿಮಾನಯಾನದ ಸಾರ್ವಜನಿಕ ಆರೋಗ್ಯ ನಿಯಮಗಳನ್ನು ಮಾಡಿತು. ಹಳದಿ ಜ್ವರವಿರುವ ದೇಶದಿಂದ ಬರುವವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ಅವರನ್ನು ಪ್ರತ್ಯೇಕವಾಗಿ ಇರಿಸುವುದು ಅಂದಿನಿಂದ ಬಂದ ಪದ್ಧತಿ. ವೈರಸ್ ಹೊಕ್ಕ ಮೇಲೆ ರೋಗ ಕಾಣಿಸಿಕೊಳ್ಳಲು ಮೂರರಿಂದ ಆರು ದಿನ ಬೇಕು. ಆದ್ದರಿಂದಲೇ ಆ ಕಾಯುವಿಕೆ.

ಇದು ಬರಿಯ ಹೆದರಿಕೆಯಲ್ಲ. 2016ರಲ್ಲಿ ಅಂಗೋಲಾದಲ್ಲಿ ಹಳದಿ ಜ್ವರ ಹರಡಿದಾಗ ಅಲ್ಲಿ ದುಡಿಯುತ್ತಿದ್ದ 11 ಜನ ಚೀನೀ ಪ್ರಜೆಗಳು ರೋಗದೊಡನೆ ತಮ್ಮ ದೇಶಕ್ಕೆ ಮರಳಿದರು. ಏಷ್ಯಾ ಖಂಡದಲ್ಲಿ ಹಳದಿ ಜ್ವರ ದೃಢಪಟ್ಟದ್ದು ಅದೇ ಮೊದಲು. ಅದು ಅಲ್ಲಿಗೇ ನಿಂತಿದ್ದು ಪುಣ್ಯ.

ಲಸಿಕೆಯ ವಿಷಯದಲ್ಲೂ ಎಚ್ಚರ ಬೇಕೆಂದು ಯುದ್ಧವೇ ಕಲಿಸಿದೆ. 1942ರಲ್ಲಿ ಅಮೆರಿಕದ ಸೈನಿಕರಿಗೆ ಹಾಕಿದ ಹಳದಿ ಜ್ವರದ ಲಸಿಕೆಯಲ್ಲಿ ಬೆರೆಸಿದ್ದ ಮಾನವ ರಕ್ತದ್ರವದ ಮೂಲಕ ಹೆಪಟೈಟಿಸ್ ಬಿ ಹರಡಿ ಸುಮಾರು 50,000 ಸೈನಿಕರು ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ತಪ್ಪು ತಿಳಿದ ಕೂಡಲೇ ರಕ್ತದ್ರವ ಬೆರೆಸುವುದನ್ನು ಕೈಬಿಟ್ಟರು. ಇಂದು ಈ ಲಸಿಕೆಯನ್ನು ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ.

ಯುದ್ಧ ಬಂದರೆ ರೋಗ ಏಕೆ ಬರುತ್ತದೆ?

ಗುಂಡು ಸೊಳ್ಳೆಯನ್ನು ಹುಟ್ಟಿಸುವುದಿಲ್ಲ. ಆದರೆ ಯುದ್ಧ ಬಂದ ಕೂಡಲೇ ಲಸಿಕೆ ಹಾಕುವ ದಾದಿ ಊರು ಬಿಡಬೇಕಾಗುತ್ತದೆ. ಕರೆಂಟು ಹೋಗಿ ಲಸಿಕೆಯ ಫ್ರಿಜ್ ಬಿಸಿಯಾಗುತ್ತದೆ. ನೀರಿನ ಪಂಪು ನಿಂತು ಜನ ನದಿಯ ನೀರು ಕುಡಿಯುತ್ತಾರೆ. ಶಿಬಿರಗಳಲ್ಲಿ ಒತ್ತೊತ್ತಾಗಿ ಮಲಗುತ್ತಾರೆ. ಡಾರ್ಫರಿನಲ್ಲಿ 2003ರಿಂದ ನಡೆದ ಹಿಂಸೆಯ ಹಿನ್ನೆಲೆಯಲ್ಲಿ, 2012ರಲ್ಲಿ ಹಳದಿ ಜ್ವರ ಕಾಣಿಸಿಕೊಂಡಿತು. 800ಕ್ಕೂ ಹೆಚ್ಚು ಶಂಕಿತ ರೋಗಿಗಳಲ್ಲಿ 171 ಜನ ಸತ್ತರು. ಹಕ್ಕಿಪಿಕ್ಕಿ ಜನ ತೈಲ ಮಾರುತ್ತಿದ್ದ ಎಲ್ ಫಾಶೆರ್ ಇರುವುದು ಇದೇ ಡಾರ್ಫರಿನಲ್ಲಿ.

2023ರ ಏಪ್ರಿಲ್ 25ರಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತೊಂದು ಸುದ್ದಿ ಕೊಟ್ಟಿತು. ಖಾರ್ಟೂಮಿನ ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯವನ್ನು ಹೋರಾಟಗಾರರು ಹಿಡಿದುಕೊಂಡಿದ್ದರು. ಪೋಲಿಯೊ, ದಡಾರ, ಕಾಲರಾದ ಮಾದರಿಗಳಿದ್ದ ಕಟ್ಟಡದಿಂದ ತಂತ್ರಜ್ಞರನ್ನು ಹೊರಹಾಕಿದ್ದರು. ರೋಗವನ್ನು ಗುರುತಿಸುವ ಕಣ್ಣನ್ನೇ ಯುದ್ಧ ಕಟ್ಟಿಹಾಕಿತು. ಮುಂದಿನ ವರ್ಷ, 2024ರಲ್ಲಿ ಸೂಡಾನಿನಲ್ಲಿ ಕಾಲರಾ ಹರಡಿತು. 2025ರ ಆಗಸ್ಟ್ ವೇಳೆಗೆ ಸುಮಾರು ಒಂದು ಲಕ್ಷ ಜನರಿಗೆ ತಗುಲಿತ್ತು.

ಇದಕ್ಕೆ ಎದುರಾಗಿ ಒಂದು ಆಶಾದಾಯಕ ಉದಾಹರಣೆಯೂ ಇದೆ. 2024ರ ಆಗಸ್ಟಿನಲ್ಲಿ ಗಾಜಾದಲ್ಲಿ ಹತ್ತು ತಿಂಗಳ ಮಗುವೊಂದಕ್ಕೆ ಪೋಲಿಯೊ ತಗುಲಿತು. ಅಲ್ಲಿ 25 ವರ್ಷಗಳಲ್ಲಿ ಅದೇ ಮೊದಲನೆಯದು. ಸೆಪ್ಟೆಂಬರ್ 1ರಿಂದ ಒಂದೊಂದು ಪ್ರದೇಶದಲ್ಲಿ ದಿನದ ಕೆಲವು ಗಂಟೆ ಕದನ ನಿಲ್ಲಿಸಿ ಮಕ್ಕಳಿಗೆ ಹನಿ ಹಾಕಿದರು. ಲಸಿಕೆಗಾಗಿ ಬಂದೂಕು ಸುಮ್ಮನಾಗಬಹುದು ಎಂಬುದಕ್ಕೆ ಇದು ಸಾಕ್ಷಿ. ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಆ ಗೆಲುವನ್ನು ಕಾಪಾಡಲು ನಮ್ಮ ಸರ್ಕಾರ 2014ರಲ್ಲಿ ಪೋಲಿಯೊ ಇರುವ ದೇಶಗಳಿಗೆ ಹೋಗಿಬರುವವರು ಹನಿ ಹಾಕಿಸಿಕೊಂಡ ಪ್ರಮಾಣಪತ್ರ ತರಬೇಕೆಂಬ ನಿಯಮ ಮಾಡಿತು.

ಬೊಮ್ಮಸಂದ್ರಕ್ಕೆ ಇವೆಲ್ಲ ದೂರದ ಮಾತಲ್ಲ. 2003ರಲ್ಲಿ ಭಾರತ ಪಾಕಿಸ್ತಾನಗಳ ನಡುವೆ ಬಸ್ಸು ಮತ್ತೆ ಓಡಿದಾಗ ಲಾಹೋರಿನಿಂದ ಬಂದ ಪುಟ್ಟ ಹೆಣ್ಣುಮಗುವೊಂದಕ್ಕೆ ಇಲ್ಲಿಯ ನಾರಾಯಣ ಹೃದಯಾಲಯದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಎರಡು ದೇಶಗಳ ಜನರೂ ಅದಕ್ಕಾಗಿ ಹಾರೈಸಿದರು. ಕಷ್ಟದ ನಾಡುಗಳಿಂದ ಬರುವವರಿಗೆ ನಾವು ಬಾಗಿಲು ತೆರೆದಿಡಬೇಕು. ಬಾಗಿಲು ತೆರೆದೇ ಇರಬೇಕಾದರೆ ಹೋಗಿ ಬರುವ ಎಲ್ಲರ ಆರೋಗ್ಯವೂ ಕಾವಲಿನಲ್ಲಿರಬೇಕು.

ನೀವು ಹೊರಡುವುದಾದರೆ

ಮೊದಲನೆಯದಾಗಿ, ಒಂದು ದೇಶಕ್ಕೆ ಹೋಗಬೇಡಿ ಎಂದು ನಮ್ಮ ವಿದೇಶಾಂಗ ಸಚಿವಾಲಯ ಹೇಳಿದ್ದರೆ ಆ ಮಾತನ್ನು ಕೇಳಬೇಕು. ಯಾವ ಲಸಿಕೆಯೂ ಗುಂಡನ್ನು ತಡೆಯುವುದಿಲ್ಲ. ಹೋಗಲೇಬೇಕಾದವರು ನಾಲ್ಕರಿಂದ ಆರು ವಾರ ಮೊದಲೇ ವೈದ್ಯರನ್ನು ಕಾಣಬೇಕು.

ಹಳದಿ ಜ್ವರದ ಲಸಿಕೆಯನ್ನು ಬೆಂಗಳೂರಿನಲ್ಲಿ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಹಾಕುತ್ತ ಬಂದಿದ್ದಾರೆ. ಹೋಗುವ ಮುನ್ನ ದಿನ, ವೇಳೆ ವಿಚಾರಿಸಿಕೊಳ್ಳಿ; ಪಾಸ್‌ಪೋರ್ಟ್ ಒಯ್ಯಿರಿ. ಒಂದೇ ಚುಚ್ಚುಮದ್ದು ಸಾಕು. ಹಿಂದೆ ಪ್ರಮಾಣಪತ್ರಕ್ಕೆ ಹತ್ತು ವರ್ಷದ ಅವಧಿ ಇತ್ತು. 2016ರ ಜುಲೈ 11ರಿಂದ ಅದು ಜೀವನಪೂರ್ತಿ ಸಲ್ಲುತ್ತದೆ. ಆದರೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಅದು ಸಿಂಧು. ಒಂಬತ್ತು ತಿಂಗಳೊಳಗಿನ ಶಿಶುಗಳಿಗೆ ಸಾಮಾನ್ಯವಾಗಿ ಇದನ್ನು ಹಾಕುವುದಿಲ್ಲ. ಗರ್ಭಿಣಿಯರು, ಅರವತ್ತು ದಾಟಿದವರು, ಮೊಟ್ಟೆ ತಿಂದರೆ ತೀವ್ರ ಅಲರ್ಜಿಯಾಗುವವರು, ರೋಗ ನಿರೋಧಕ ಶಕ್ತಿ ಕುಂದಿದವರು ತಮ್ಮ ಸ್ಥಿತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಧನುರ್ವಾಯು ಮತ್ತು ಗಂಟಲಮಾರಿ, ದಡಾರ, ಪೋಲಿಯೊ ಲಸಿಕೆಗಳು ಬಾಲ್ಯದಲ್ಲಿ ಪೂರ್ತಿಯಾಗಿವೆಯೆ ನೋಡಿಕೊಳ್ಳಿ. ಹೋಗುವ ಜಾಗವನ್ನು ನೋಡಿ ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಬಿ, ಮೆದುಳಿನ ಪೊರೆಯ ಉರಿಯೂತ, ಕಾಲರಾ, ಹುಚ್ಚುನಾಯಿ ರೋಗದ ಲಸಿಕೆಗಳಲ್ಲಿ ಯಾವುವು ಬೇಕೆಂದು ವೈದ್ಯರು ಹೇಳುತ್ತಾರೆ. ಮಲೇರಿಯಾಕ್ಕೆ ಪ್ರಯಾಣಿಕರು ನೆಚ್ಚುವುದು ಮಾತ್ರೆಯನ್ನು. ಅದನ್ನು ಹೊರಡುವ ಮೊದಲೇ ಆರಂಭಿಸಿ, ಬಂದ ಮೇಲೂ ಹೇಳಿದಷ್ಟು ದಿನ ನುಂಗಬೇಕು. ಸೊಳ್ಳೆಪರದೆ ಜೊತೆಗಿರಲಿ. ನೀರು ಕುದಿಸಿ ಕುಡಿಯಿರಿ. ಓ.ಆರ್.ಎಸ್. ಪೊಟ್ಟಣ, ದಿನವೂ ಬೇಕಾದ ಔಷಧಿ, ವೈದ್ಯರ ಚೀಟಿ, ರಕ್ತದ ಗುಂಪು ಬರೆದ ಕಾಗದ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಯನ್ನು ಬಿಟ್ಟು ಓಡಬೇಕಾಗಬಹುದು. ತಲುಪಿದ ಕೂಡಲೇ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ದಾಖಲಿಸಿ. ಮರಳಿದ ಮೇಲೆ ವಾರಗಳು ಅಥವಾ ತಿಂಗಳುಗಳು ಕಳೆದು ಜ್ವರ ಬಂದರೂ ವೈದ್ಯರಿಗೆ ಮೊದಲು ಹೇಳಬೇಕಾದ್ದು ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು.

ಲೆಕ್ಕ ಹಾಕಿ ನೋಡಿ

ಈಗ ಒಂದು ಚಿಕ್ಕ ಲೆಕ್ಕ. ಸೂಡಾನಿನಲ್ಲಿ ಗುಂಡು ಹಾರಿದ್ದು ಏಪ್ರಿಲ್ 15ಕ್ಕೆ. ಆಪರೇಷನ್ ಕಾವೇರಿಯ ಘೋಷಣೆ 24ಕ್ಕೆ. ನಡುವೆ ಒಂಬತ್ತು ದಿನ. ಲಸಿಕೆಯ ಪ್ರಮಾಣಪತ್ರ ಸಿಂಧುವಾಗಲು ಬೇಕಾದದ್ದು ಹತ್ತು ದಿನ. ಯುದ್ಧ ಶುರುವಾದ ದಿನವೇ, ತೆರೆದ ಆಸ್ಪತ್ರೆಯೊಂದು ಸಿಕ್ಕಿ ಲಸಿಕೆ ಹಾಕಿಸಿಕೊಂಡಿದ್ದರೂ ಕಾರ್ಯಾಚರಣೆ ಘೋಷಣೆಯಾದ ದಿನಕ್ಕೆ ಆ ಕಾಗದ ಸಲ್ಲುತ್ತಿರಲಿಲ್ಲ. ಯುದ್ಧದ ನಾಡಿನಲ್ಲಿ ಆರೋಗ್ಯದ ಎಚ್ಚರಿಕೆ ಎಂದರೆ ಶಾಂತಿ ಇದ್ದಾಗ, ನಮ್ಮ ಊರಿನಲ್ಲಿ, ಹೊರಡುವ ಮುಂಚೆ ಮಾಡಿಕೊಳ್ಳಬೇಕಾದ ಕೆಲಸ.

ಇದನ್ನು ಎಂಜಿನಿಯರಿಗೆ ಅವರ ಕಂಪನಿ ಹೇಳೀತು. ತೈಲದ ಶೀಸೆಗಳನ್ನು ಹೊತ್ತು ಹೋಗುವವರಿಗೆ, ಏಜೆಂಟರ ಮಾತು ನಂಬಿ ಕೂಲಿಗೆ ಹೋಗುವವರಿಗೆ ಹೇಳುವವರು ಯಾರು? ಓದು ಬರಹ ಬಲ್ಲ ನೀವು ಈ ಮಾತನ್ನು ನಿಮ್ಮ ಬೀದಿಗೆ ಮುಟ್ಟಿಸಬಹುದು.

ಹಡಗುಗಳ ಲೋಕದಲ್ಲಿ ಹಳದಿ ಬಾವುಟಕ್ಕೆ ಒಂದು ಕಥೆಯಿದೆ. ಹಿಂದೆ ಹಳದಿ ಬಾವುಟ ಕಂಡರೆ 'ಇಲ್ಲಿ ರೋಗವಿದೆ, ದೂರವಿರಿ' ಎಂದು ಜನ ಹೆದರುತ್ತಿದ್ದರು. ಇಂದಿನ ಅಂತರರಾಷ್ಟ್ರೀಯ ಸಂಕೇತದಲ್ಲಿ ಅದೇ ಬಾವುಟಕ್ಕೆ 'ನನ್ನ ಹಡಗಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಒಳಗೆ ಬರಲು ಅಪ್ಪಣೆ ಕೊಡಿ' ಎಂಬ ಅರ್ಥ. ಹಳದಿ ಪುಸ್ತಕ ಹೇಳುವುದೂ ಇಷ್ಟನ್ನೇ. ಅದಿಲ್ಲದೆ ಬಂದ ಆ 47 ಜನ ತಪ್ಪು ಮಾಡಿದವರಲ್ಲ. ಅವರನ್ನು ಕಾಯಿಸಿದ್ದು ಬನ್ನೇರುಘಟ್ಟದ ಕಾಲೊನಿಯ, ಹುಣಸೂರಿನ ಹಾಡಿಯ, ಬೊಮ್ಮಸಂದ್ರದ ವಠಾರದ ಮಕ್ಕಳ ಸಲುವಾಗಿ. ಮುಂದೆ ಯಾರೂ ಹಾಗೆ ಕಾಯಬೇಕಾಗಿ ಬರದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಇಂದು ಸಂಜೆ ಮನೆಯಲ್ಲಿ ನಿಮ್ಮ ತಾಯಿಯ ಹತ್ತಿರ ಕೇಳಿ: ನನಗೆ ಚಿಕ್ಕಂದಿನಲ್ಲಿ ಯಾವ ಯಾವ ಲಸಿಕೆ ಹಾಕಿಸಿದ್ದೀರಿ, ಅದರ ಕಾರ್ಡು ಎಲ್ಲಿದೆ? ಸಿಕ್ಕರೆ ಜೋಪಾನವಾಗಿ ಇಟ್ಟುಕೊಳ್ಳಿ.